ಎಂಎ ಪ್ರಾಜೆಕ್ಟ್, ಎಐ ಮತ್ತು ನಮ್ಮೂರ ಕೆರೆ

ಮೇಡಂ ನನ್ನ ಗ್ರಂಥಸೂಚಿಯ ಪಕ್ಕದಲ್ಲಿ ಪೆನ್ಸಿಲಿನಿಂದ ಐದು ಪ್ರಶ್ನೆ ಗುರುತು ಹಾಕಿದ್ದರು. ಬೈಯಲಿಲ್ಲ, ದನಿ ಏರಿಸಲೂ ಇಲ್ಲ. ಹಾಳೆಯನ್ನು ನನ್ನ ಕಡೆ ತಿರುಗಿಸಿ, “ಈ ಐದನ್ನ ನಾನೂ ಓದಬೇಕು ಕಣಮ್ಮ. ಎಲ್ಲಿ ಸಿಕ್ಕಿತು ಹೇಳು, ಇಲ್ಲಾಂದ್ರೆ ಝೆರಾಕ್ಸ್ ತಂದುಕೊಡು” ಅಂದರು. ಅಷ್ಟೇ. ನನ್ನ ಎದೆ ಧಸಕ್ಕೆಂದಿತು. ಆ ಐದರಲ್ಲಿ ಒಂದನ್ನೂ ನಾನು ಕಣ್ಣಾರೆ ನೋಡಿರಲಿಲ್ಲ.

ಎಂಎ ಇತಿಹಾಸ, ನಾಲ್ಕನೇ ಸೆಮಿಸ್ಟರ್, ಪ್ರಾಜೆಕ್ಟ್. ವಿಷಯ ಕೋಲಾರ ಜಿಲ್ಲೆಯ ಕೆರೆಗಳು. ಶಾಸನಗಳಲ್ಲಿ ಕೆರೆ ಕಟ್ಟಿಸಿದವರು ಯಾರು, ಅದನ್ನು ನೋಡಿಕೊಳ್ಳಲು ಭೂಮಿ ಬಿಟ್ಟವರು ಯಾರು, ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವ, ಈಗಲೂ ಊರಲ್ಲಿ ಉಳಿದಿರುವ ನೀರಗಂಟಿಯ ಕೆಲಸ ಎಂಥದ್ದು, ಇಷ್ಟು. ಯಾರೋ ಹೇಳಿ ತೆಗೆದುಕೊಂಡ ವಿಷಯ ಅಲ್ಲ. ನಮ್ಮ ಮನೆ ಇರುವುದೇ ಕೆರೆ ಏರಿಯ ಕೆಳಗೆ. ಚಿಕ್ಕಂದಿನಲ್ಲಿ ನಾನು ಆ ಕೆರೆಯಲ್ಲಿ ನೀರಿಗಿಂತ ಜಾಲಿಮರಗಳನ್ನೇ ಜಾಸ್ತಿ ನೋಡಿದ್ದು. 2021ರ ನವೆಂಬರ್ ಮಳೆಗೆ ಅದು ತುಂಬಿ ಕೋಡಿ ಹೋದಾಗ ಊರಿಗೆ ಊರೇ ಏರಿ ಮೇಲೆ ನಿಂತಿತ್ತು, ನಮ್ಮಜ್ಜಿ ಅರಿಶಿನ ಕುಂಕುಮ ಹಾಕಿ ಕೈಮುಗಿದು ಅತ್ತಿದ್ದರು. ಆವತ್ತೇ ಅನ್ನಿಸಿತ್ತು, ಇದರ ಬಗ್ಗೆ ನಾನು ಏನಾದರೂ ಬರೆಯಬೇಕು ಅಂತ.

ಹಾಗಿದ್ದೂ ಮೊದಲ ಕರಡನ್ನು ನಾನು ಬರೆಯಲಿಲ್ಲ, ಎಐ ಬರೆಯಿತು. ಯಾಕೆ ಅಂತ ಹೇಳಬೇಕು. ನಾನು ಒಂದನೇ ಕ್ಲಾಸಿನಿಂದ ಡಿಗ್ರಿವರೆಗೆ ಕನ್ನಡ ಮಾಧ್ಯಮ. ಕೆರೆಗಳ ಬಗ್ಗೆ ಆಗಿರುವ ಗಂಭೀರ ಕೆಲಸದಲ್ಲಿ ಬಹುಪಾಲು ಇಂಗ್ಲಿಷಿನಲ್ಲಿದೆ. ಒಂದು ಲೇಖನದ ಮೊದಲ ಪುಟ ಓದಲು ನನಗೆ ಒಂದು ಗಂಟೆ ಬೇಕಾಗುತ್ತಿತ್ತು. ಓದಿದ ಮೇಲೂ ಅರ್ಥವಾಗಿದೆಯೋ ಇಲ್ಲವೋ ಅನ್ನುವ ಭಯ. ಅಷ್ಟರಲ್ಲಿ 2025ರ ಜುಲೈನಲ್ಲಿ ಏರ್‌ಟೆಲ್ ಸಿಮ್ ಇದ್ದವರಿಗೆ ಪರ್‌ಪ್ಲೆಕ್ಸಿಟಿ ಪ್ರೊ ಒಂದು ವರ್ಷ ಪುಕ್ಕಟೆ ಸಿಕ್ಕಿತು, ಅದೇ ತಿಂಗಳು ಗೂಗಲ್‌ನವರು ವಿದ್ಯಾರ್ಥಿಗಳಿಗೆ ಜೆಮಿನೈ ಪ್ರೊ ಕೊಟ್ಟರು, ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಗೋ ಕೂಡ ಪುಕ್ಕಟೆಯಾಯಿತು. ಹಾಸ್ಟೆಲಿನಲ್ಲಿ ಒಬ್ಬೊಬ್ಬರ ಮೊಬೈಲಿನಲ್ಲೂ ಮೂರು ನಾಲ್ಕು ಎಐ ಆ್ಯಪ್. ಊಟದ ಸಾಲಿನಲ್ಲೂ ಅದೇ ಮಾತು.

ಅವುಗಳಲ್ಲಿ ಒಂದನ್ನು ತೆರೆದು ನಾನು ಟೈಪ್ ಮಾಡಿದ್ದು ಇಷ್ಟು: “ಕೋಲಾರ ಜಿಲ್ಲೆಯ ಕೆರೆ ಶಾಸನಗಳ ಬಗ್ಗೆ ಎಂಎ ಮಟ್ಟದ ಪ್ರಬಂಧ ಬರೆದುಕೊಡು, ಆಧಾರಗಳ ಸಮೇತ.” ಒಂದು ಸಂಜೆಯಲ್ಲಿ ಮೂವತ್ತು ಪುಟ ಆಯಿತು. ಕನ್ನಡ ಚೆನ್ನಾಗಿಯೇ ಇತ್ತು. ಆದರೆ ಈಗ ತಿರುಗಿ ಓದಿದರೆ ಅದರಲ್ಲಿ ಒಂದೇ ಒಂದು ಊರಿನ ಹೆಸರು, ಕೆರೆಯಿಂದ ನೀರು ಬಿಡುವ ಒಂದು ತೂಬು, ಒಂದು ಗದ್ದೆ ಕಣ್ಣಿಗೆ ಕಟ್ಟುವ ಹಾಗಿಲ್ಲ. ಕೋಲಾರ ತೆಗೆದು ರಾಯಚೂರು ಅಂತ ಹಾಕಿದರೂ ಆ ಪುಟಗಳು ಹಾಗೇ ನಡೆಯುತ್ತಿದ್ದವು. ಆವತ್ತು ಮಾತ್ರ ನನಗೆ ಅದೊಂದೂ ಕಾಣಲಿಲ್ಲ, ಕೆಲಸ ಮುಗಿಯಿತಲ್ಲ ಅಂತ ನೆಮ್ಮದಿಯಾಗಿ ಮಲಗಿದೆ.

ಮೇಡಂ ಕೇಳಿದ ಐದನ್ನು ಎರಡು ದಿನ ಹುಡುಕಿದೆ. ಲೈಬ್ರರಿಯಲ್ಲಿ ನೋಡಿದೆ, ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಒಂದೆಡೆ ಇಡುವ ಶೋಧಗಂಗಾದಲ್ಲಿ ನೋಡಿದೆ, ಗೂಗಲ್ ಸ್ಕಾಲರ್‌ನಲ್ಲಿ ನೋಡಿದೆ. ಮೂರು ಎಲ್ಲೂ ಇಲ್ಲ. ಒಂದರ ಶೀರ್ಷಿಕೆ ಇದೆ, ಬರೆದವರು ಬೇರೆ. ಇನ್ನೊಂದು ಪುಸ್ತಕ ನಿಜವಾಗಿಯೂ ಇದೆ, ಆದರೆ ಅದು ತಮಿಳುನಾಡಿನ ಕೆರೆಗಳ ಬಗ್ಗೆ, ಕೋಲಾರದ ಸುದ್ದಿಯೇ ಇಲ್ಲ. ಎಐಯನ್ನೇ ಕೇಳಿದೆ, “ಇದು ನಿಜವಾಗಿ ಇದೆಯಾ?” ಅಂತ. ಕ್ಷಮೆ ಕೇಳಿ, ಅದರ ಬದಲು ಇನ್ನೊಂದು ಲೇಖನದ ಹೆಸರು ಕೊಟ್ಟಿತು. ಅದೂ ಇರಲಿಲ್ಲ.

ಯಾಕೆ ಹೀಗಾಗುತ್ತದೆ ಅಂತ ಆಮೇಲೆ ತಿಳಿದುಕೊಂಡೆ. ಈ ಸಾಧನ ಒಂದು ಪದದ ಮುಂದೆ ಯಾವ ಪದ ಬರುವ ಸಾಧ್ಯತೆ ಜಾಸ್ತಿ ಅನ್ನುವ ಲೆಕ್ಕದಲ್ಲಿ ಬರೆಯುತ್ತಾ ಹೋಗುತ್ತದೆ. ಆಧಾರಗ್ರಂಥಕ್ಕೆ ಒಂದು ಆಕಾರ ಇದೆಯಲ್ಲ, ಹೆಸರು, ವರ್ಷ, ಪತ್ರಿಕೆ, ಪುಟ ಸಂಖ್ಯೆ, ಆ ಆಕಾರವನ್ನು ಅದು ಚೆನ್ನಾಗಿ ಕಲಿತಿದೆ. ಒಳಗೆ ತುಂಬಲು ಕೈಯಲ್ಲಿ ಏನೂ ಇಲ್ಲದಿದ್ದರೂ ಆಕಾರ ತುಂಬಿಸಿ ಕೊಡುತ್ತದೆ. ಇಂಗ್ಲಿಷಿನಲ್ಲಿ ಓಡಾಡಿ ಬೆಳೆದವರಿಗೆ ಆ ಪತ್ರಿಕೆಯ ಹೆಸರು ನೋಡಿದ ಕೂಡಲೇ ಅನುಮಾನ ಬರುತ್ತಿತ್ತೇನೋ. ನನಗೆ ನಿಜವಾದ ಪತ್ರಿಕೆಗಳ ಹೆಸರೇ ಗೊತ್ತಿರಲಿಲ್ಲ, ಸುಳ್ಳನ್ನು ಹೇಗೆ ಗುರುತಿಸಲಿ? ನಮ್ಮಂಥವರಿಗೇ ಎಐ ಜಾಸ್ತಿ ಬೇಕು, ನಮ್ಮಂಥವರೇ ಜಾಸ್ತಿ ಮೋಸ ಹೋಗುವುದೂ. ಈ ಮಾತು ನನ್ನನ್ನು ಈಗಲೂ ಕಾಡುತ್ತದೆ.

ಶಾಸನದ್ದು ಇನ್ನೂ ದೊಡ್ಡ ಪೆಟ್ಟು. ಕರಡಿನಲ್ಲಿ ಮುಳಬಾಗಿಲು ತಾಲ್ಲೂಕಿನ ಒಂದು ಶಾಸನವನ್ನು ಸಂಖ್ಯೆ ಸಮೇತ ಹೆಸರಿಸಿ, ಅದರಲ್ಲಿ ಕೆರೆ ಕಟ್ಟಿಸಿದ ವಿವರ ಇದೆ ಅಂತ ಬರೆದಿತ್ತು. ಬೆಂಜಮಿನ್ ಲೂಯಿಸ್ ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೇ ಸಂಪುಟ ಕೋಲಾರ ಜಿಲ್ಲೆಯದ್ದು, 1905ರಲ್ಲಿ ಬಂದದ್ದು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆಯಾಗಿಯೇ ಸಿಗುತ್ತದೆ. ತೆಗೆದು ಆ ಸಂಖ್ಯೆ ನೋಡಿದೆ. ಅಲ್ಲಿದ್ದದ್ದು ವೀರಗಲ್ಲು, ಹೋರಾಡಿ ಸತ್ತವನೊಬ್ಬನದು. ಕೆರೆಯ ಮಾತೇ ಇರಲಿಲ್ಲ. ಆ ಮನುಷ್ಯ ಸತ್ತಿದ್ದಕ್ಕೆ ಊರಿನವರು ಕಲ್ಲು ನಿಲ್ಲಿಸಿದ್ದರು, ನಾನು ನೋಡದೆ ಆ ಕಲ್ಲಿನ ಮೇಲೆ ಬೇರೆ ಕಥೆ ಬರೆದಿದ್ದೆ.

ಮೇಡಂ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು. “ನಾನು ಪಿಎಚ್‌ಡಿ ಮಾಡುವಾಗ ಬೇರೆಯವರ ಅಡಿಟಿಪ್ಪಣಿ ನೋಡಿ, ಮೂಲ ನೋಡದೆ ಎರಡು ಕಡೆ ಹಾಕಿಕೊಂಡಿದ್ದೆ. ಒಂದು ತಪ್ಪಿತ್ತು. ಇವತ್ತಿಗೂ ಆ ಪುಟ ತೆಗೆಯೋಕೆ ಮನಸ್ಸಾಗಲ್ಲ” ಅಂದರು. ಆಮೇಲೆ, “ಎಐ ಬಿಡು ಅಂತ ನಾನು ಹೇಳಲ್ಲ. ಮೊದಲು ಪುಟ ನಿನ್ನ ಮುಂದೆ ಇರಲಿ, ಆಮೇಲೆ ಅದನ್ನ ಏನು ಬೇಕಾದ್ರೂ ಕೇಳು” ಅಂದರು. ಮೂವತ್ತು ಪುಟವನ್ನು ಅಲ್ಲೇ ಅವರ ಮೇಜಿನ ಮೇಲೆ ಬಿಟ್ಟು ಬಂದೆ.

ಎರಡನೇ ಸುತ್ತು ರೈಸ್ ಸಂಪುಟದಿಂದ ಶುರುವಾಯಿತು. ಕನ್ನಡ ಲಿಪಿಯ ಪಾಠದ ಪುಟಗಳನ್ನು ಫೋಟೊ ತೆಗೆದು ಎಐಗೆ ಕೊಟ್ಟು ಟೈಪ್ ಮಾಡಿಸಿದೆ, ಕೆರೆ ಅನ್ನುವ ಪದ ಎಲ್ಲೆಲ್ಲಿದೆ ಹುಡುಕಿ ತೆಗೆಯೋಣ ಅಂತ. ಎಷ್ಟೋ ಪುಟದಲ್ಲಿ ಒಂದೂ ಸಿಗಲಿಲ್ಲ. ನಿರಾಸೆಯಿಂದ ಪುಸ್ತಕದ ಪುಟವನ್ನೇ ಬೆರಳಿಟ್ಟು ಓದಿದಾಗ ಗೊತ್ತಾಯಿತು, ಹಳೆಯ ಶಾಸನಗಳಲ್ಲಿ ಅದು ‘ಕೆರೆ’ ಅಲ್ಲ, ‘ಕೆಱೆ’. ಈಗ ನಾವು ಬಿಟ್ಟಿರುವ ಆ ಱ ಅಕ್ಷರ. ಎಐ ಅದನ್ನು ಒಂದು ಕಡೆ ಜ ಅಂತ ಓದಿತ್ತು, ಇನ್ನೊಂದು ಕಡೆ ಆ ಪದವನ್ನೇ ಬಿಟ್ಟು ಮುಂದಿನದಕ್ಕೆ ಜಿಗಿದಿತ್ತು. ಎಲ್ಲಿ ಓದಲು ಆಗಲಿಲ್ಲ ಅಂತಲೂ ಹೇಳಿರಲಿಲ್ಲ. ಅಲ್ಲಿಂದ ಮುಂದೆ ಒಂದೊಂದು ಸಾಲನ್ನೂ ಪುಸ್ತಕಕ್ಕೆ ಹೋಲಿಸಿ ನೋಡುವುದನ್ನು ಅಭ್ಯಾಸ ಮಾಡಿಕೊಂಡೆ. ನಿಧಾನ ಆಯಿತು ನಿಜ. ಆದರೆ ಆ ನಿಧಾನದಲ್ಲೇ ನನಗೆ ಹಳಗನ್ನಡ ಕಣ್ಣಿಗೆ ಹತ್ತಿದ್ದು. ಹದಿನೈದು ದಿನ ಆಗುವ ಹೊತ್ತಿಗೆ ‘ತೂಂಬು’ ಅಂತ ಕಂಡರೆ ನಮ್ಮೂರ ತೂಬೇ ಎದುರು ಬಂದು ನಿಂತ ಹಾಗಾಗುತ್ತಿತ್ತು.

ಪದಗಳ ಅರ್ಥದಲ್ಲೂ ಇದೇ ಕಷ್ಟ. ‘ಬಿತ್ತುವಟ್ಟ’ ಅಂದರೇನು ಅಂತ ಕೇಳಿದೆ. ಬಿತ್ತನೆ ಬೀಜದ ಮೇಲಿನ ತೆರಿಗೆ ಅಂತ ಖಂಡಿತವಾಗಿ ಹೇಳಿತು. ಅದು ತೆರಿಗೆ ಅಲ್ಲ. ಕೆರೆ ಕಟ್ಟಿಸಿದವರಿಗೆ, ಅದನ್ನು ದುರಸ್ತಿಯಲ್ಲಿ ಇಡುವವರಿಗೆ ಬಿಟ್ಟುಕೊಡುತ್ತಿದ್ದ ಭೂಮಿ. ‘ಕಟ್ಟುಕೊಡಗೆ’ ಅಂತ ಬರುವುದೂ ಇದರ ಹತ್ತಿರದ್ದೇ. ಇಷ್ಟು ದೊಡ್ಡ ವ್ಯವಸ್ಥೆಯೇ ಆ ಒಂದು ಪದದಲ್ಲಿದೆ, ಅದನ್ನೇ ತಲೆಕೆಳಗು ಮಾಡಿದರೆ ಕೊಟ್ಟಿದ್ದು ಕಿತ್ತುಕೊಂಡಂತೆ ಆಗುತ್ತದಲ್ವಾ? ‘ಎರಡು ಕಂಡುಗ ಗದ್ದೆ’ ಅನ್ನುವುದನ್ನು ಎಐ ಇಷ್ಟು ಕಿಲೋ ಭತ್ತ ಅಂತ ಲೆಕ್ಕ ಹಾಕಿ ಕೊಟ್ಟಿತು. ಅದನ್ನು ಸರಿ ಮಾಡಿದ್ದು ನಮ್ಮಜ್ಜಿ. ಫೋನಿನಲ್ಲಿ ಕೇಳಿದಾಗ, “ಅಷ್ಟು ಬಿತ್ತನೆ ಹಿಡಿಯೋ ನೆಲ ಕಣೇ. ನಮ್ದು ಕೆರೆ ಕೆಳಗೆ ಹತ್ತು ಕೊಳಗದ ಗದ್ದೆ ಇತ್ತು ಅಂತೀನಲ್ಲ, ಅದೇ” ಅಂದರು. ಇಪ್ಪತ್ತು ಕೊಳಗಕ್ಕೆ ಒಂದು ಕಂಡುಗ. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ಕೋಲಾರ ಸಂಪುಟದಲ್ಲಿ ತಮಿಳು ಶಾಸನಗಳೂ ತುಂಬಾ ಇವೆ, ಚೋಳರು ಆಳಿದ ಸೀಮೆ. ನನಗೆ ತಮಿಳು ಬರುವುದಿಲ್ಲ. ಎಐ ಕೊಟ್ಟ ಅನುವಾದದಲ್ಲಿ ಒಂದು ಕಡೆ ‘ಏರಿಯನ್ನು ದಾನ ಕೊಟ್ಟರು’ ಅಂತ ಇತ್ತು. ಬರೀ ಏರಿಯನ್ನು ಯಾರಾದರೂ ದಾನ ಕೊಡುತ್ತಾರಾ? ಕೆಜಿಎಫ್‌ನಿಂದ ಬರುವ ಗೆಳತಿಗೆ ತೋರಿಸಿದೆ, ಅವಳ ಮನೆಮಾತು ತಮಿಳು. ತಮಿಳಿನಲ್ಲಿ ಏರಿ ಅಂದರೆ ಇಡೀ ಕೆರೆ. ಕನ್ನಡದಲ್ಲಿ ಏರಿ ಅಂದರೆ ಬರೀ ಕಟ್ಟೆ. ಎಐ ಪದವನ್ನು ಹಾಗೇ ಎತ್ತಿ ಇಟ್ಟಿತ್ತು, ನಾನು ಕನ್ನಡ ಅಂದುಕೊಂಡು ಓದಿದ್ದೆ. ಗೆಳತಿ ಆವತ್ತು ನನ್ನ ಜೊತೆ ಕೂತು ತನಗೆ ತಿಳಿದಷ್ಟು ಸಾಲುಗಳನ್ನು ಬಿಡಿಸಿಕೊಟ್ಟಳು, ಬಿಡಿಸಲಾಗದ ಸಾಲುಗಳಿಗೆ ರೈಸ್ ಅವರ ಇಂಗ್ಲಿಷ್ ಅನುವಾದವೇ ಗತಿಯಾಯಿತು.

ಇಷ್ಟೆಲ್ಲ ಹೇಳಿ ಎಐಯಿಂದ ಏನೂ ಉಪಯೋಗ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಇಂಗ್ಲಿಷ್ ಲೇಖನಗಳ ಬಾಗಿಲು ನನಗೆ ತೆರೆದದ್ದು ಅದೇ. ಪೂರ್ತಿ ಅನುವಾದ ಕೇಳುವುದನ್ನು ಬಿಟ್ಟೆ. ಒಂದು ಪ್ಯಾರಾ ಕೊಟ್ಟು, “ಇದರಲ್ಲಿ ಲೇಖಕರು ಯಾವ ಮಾತನ್ನು ಒಪ್ಪುತ್ತಿಲ್ಲ? ಯಾವ ವಾಕ್ಯದಲ್ಲಿ ಹಾಗೆ ಹೇಳಿದ್ದಾರೆ, ಆ ವಾಕ್ಯವನ್ನು ಇಂಗ್ಲಿಷಿನಲ್ಲೇ ತೋರಿಸು” ಅಂತ ಕೇಳುತ್ತಿದ್ದೆ. ಆ ವಾಕ್ಯವನ್ನು ನಾನೇ ಬಿಡಿಸಿ ಓದುತ್ತಿದ್ದೆ. ಶುರುವಿನಲ್ಲಿ ಅದರ ಕನ್ನಡ ನೋಡಿ ಸಂಕಟವಾಗುತ್ತಿತ್ತು. ಟ್ಯಾಂಕ್ ಅಂತ ಬಂದರೆ ‘ತೊಟ್ಟಿ’, ಕಮಾಂಡ್ ಏರಿಯಾ ಅಂದರೆ ‘ಆಜ್ಞಾ ಪ್ರದೇಶ’, ವೇಸ್ಟ್ ವಿಯರ್ ಅಂದರೆ ತ್ಯಾಜ್ಯದ ಏನೋ ಒಂದು. ಆಮೇಲೆ ಒಂದು ಚೀಟಿ ಮಾಡಿಕೊಂಡೆ. ಟ್ಯಾಂಕ್ ಅಂದರೆ ಕೆರೆ, ಬಂಡ್ ಅಂದರೆ ಏರಿ, ಸ್ಲೂಸ್ ಅಂದರೆ ತೂಬು, ವೇಸ್ಟ್ ವಿಯರ್ ಅಂದರೆ ಕೋಡಿ, ಕಮಾಂಡ್ ಏರಿಯಾ ಅಂದರೆ ಅಚ್ಚುಕಟ್ಟು (ಕೆರೆ ನೀರು ಹರಿಯುವ ಜಮೀನು), ಸಿಲ್ಟ್ ಅಂದರೆ ಹೂಳು, ಅದನ್ನು ಹೊಲಕ್ಕೆ ಹೊಡೆದರೆ ಕೆರೆಗೋಡು. ಪ್ರತಿ ಸಲ ಪ್ರಶ್ನೆಯ ಮೊದಲು ಈ ಚೀಟಿ ಅಂಟಿಸುತ್ತಿದ್ದೆ. ಅಷ್ಟು ಮಾಡಿದ ಮೇಲೆ ಅದರ ಕನ್ನಡ ನಮ್ಮ ಕನ್ನಡವಾಯಿತು. ಗೂಗಲ್‌ನ ನೋಟ್‌ಬುಕ್ಎಲ್ಎಂ ಅನ್ನುವ ಎಐ ಸಾಧನದಲ್ಲಿ ನಾನೇ ಹಾಕಿದ ಪಿಡಿಎಫ್‌ಗಳ ಒಳಗಿನಿಂದಷ್ಟೇ ಉತ್ತರ ಕೇಳುತ್ತಿದ್ದೆ, ಯಾವ ಪುಟದ ಯಾವ ಭಾಗ ಅಂತ ಒತ್ತಿ ನೋಡಬಹುದಿತ್ತು. ಮೂರು ತಿಂಗಳಲ್ಲಿ ಹನ್ನೊಂದು ಇಂಗ್ಲಿಷ್ ಲೇಖನ ಓದಿ ಮುಗಿಸಿದೆ. ಕೊನೆಯ ಎರಡನ್ನು ಎಐ ಸಹಾಯ ಇಲ್ಲದೆ, ಬರೀ ನಿಘಂಟು ಇಟ್ಟುಕೊಂಡು ಓದಿದೆ. ನನ್ನ ಓದಿನ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಸಂತೋಷ ನೆನಪಿಲ್ಲ.

ನೀರಗಂಟಿ ತಾತನ ಹತ್ತಿರ ಹೋದದ್ದು ಮಾಘದಲ್ಲಿ, ಬೆಳಿಗ್ಗೆ. ಏರಿ ಮೇಲೆ ನಡೆದುಕೊಂಡೇ ಮಾತಾಡಿದರು. ತೂಬಿನ ಎರಡು ಕಲ್ಲುಕಂಬ ತೋರಿಸಿದರು, ನಡುವೆ ತೂತಿರುವ ಅಡ್ಡ ಹಾಸುಗಲ್ಲು, ಅದರಲ್ಲಿ ಇಳಿಬಿಡುವ ಉದ್ದ ಗಳ, ಗಳದ ತುದಿಗೆ ಬಿರಡೆ. ನೀರಲ್ಲಿ ಮುಳುಗಿ ಬಿರಡೆ ಸರಿಮಾಡಿ ಬರುತ್ತಿದ್ದ ಕಾಲದಲ್ಲಿ ಉಸಿರು ಹೇಗೆ ಹಿಡಿಯುತ್ತಿದ್ದೆ ಅಂತ ಅಲ್ಲೇ ನಿಂತು ಹಿಡಿದು ತೋರಿಸಿದರು, ನಾನು ಭಯಪಟ್ಟು “ತಾತ, ಸಾಕು” ಅನ್ನುವವರೆಗೆ. ಸುಗ್ಗಿಯಲ್ಲಿ ಕಣದಿಂದ ಕಾಳು ಕೊಡುತ್ತಿದ್ದರಂತೆ, ಅದೇ ಸಂಬಳ. ಈಗ ಅದೂ ಇಲ್ಲ. ನಲವತ್ತು ನಿಮಿಷ ರೆಕಾರ್ಡ್ ಮಾಡಿಕೊಂಡೆ.

ಹಾಸ್ಟೆಲಿಗೆ ಬಂದು ಆ ಆಡಿಯೊವನ್ನು ಎಐಗೆ ಕೊಟ್ಟು ಬರಹಕ್ಕೆ ಇಳಿಸಿದೆ. ತಾತ ನಮ್ಮ ಕಡೆಯ ಮಾತಾಡುತ್ತಾರೆ, ಕನ್ನಡದ ನಡುನಡುವೆ ತೆಲುಗು. ತೂಬು ಎಲ್ಲ ಕಡೆ ಟ್ಯೂಬ್ ಆಗಿತ್ತು. ಕೋಡಿ ಒಂದು ಕಡೆ ಕೋಟಿ, ಇನ್ನೊಂದು ಕಡೆ ಕೋಳಿ. ನೀರಗಂಟಿ ‘ನೀರಿನ ಗಂಟೆ’. ತೆಲುಗಿನಲ್ಲಿ ಹೇಳಿದ ಎರಡು ಮಾತು ಮಾಯವಾಗಿದ್ದವು, ಅವುಗಳ ಜಾಗದಲ್ಲಿ ಅಂದವಾದ ಗ್ರಂಥಸ್ಥ ಕನ್ನಡದ ವಾಕ್ಯ ಇತ್ತು, ತಾತನ ಬಾಯಲ್ಲಿ ಯಾವತ್ತೂ ಬರದಂಥದ್ದು. ಅದನ್ನು ನೋಡಿ ನಿಜವಾಗಿ ಬೇಸರವಾಯಿತು. ಆಡಿಯೊ ಮತ್ತೆ ಹಾಕಿಕೊಂಡು ಕೂತು, ತಪ್ಪು ಕಂಡಲ್ಲೆಲ್ಲ ನಿಲ್ಲಿಸಿ, ಕೇಳಿ, ತಿದ್ದಿದೆ.

ಬರೆಯುವುದನ್ನು ಪೂರ್ತಿ ಕೈಯಲ್ಲೇ ನೋಟ್‌ಬುಕ್ಕಿನಲ್ಲಿ ಬರೆದೆ. ಒಂದು ಅಧ್ಯಾಯ ಆದ ಮೇಲೆ ಟೈಪ್ ಮಾಡಿ ಎಐಗೆ ಕೊಟ್ಟು, “ಎಲ್ಲಿ ಅರ್ಥವಾಗುತ್ತಿಲ್ಲ ಹೇಳು, ನೀನು ತಿದ್ದಬೇಡ” ಅನ್ನುತ್ತಿದ್ದೆ. ತಿದ್ದಬೇಡ ಅನ್ನದಿದ್ದರೆ ಅದು ಇಡೀ ಪುಟವನ್ನೇ ನುಣುಪು ಮಾಡಿಬಿಡುತ್ತದೆ. ಕೃತಿಚೌರ್ಯ ತಪಾಸಣೆಯೂ ಆಯಿತು. ಯುಜಿಸಿ 2018ರ ನಿಯಮದ ಪ್ರಕಾರ ಹೋಲಿಕೆ ಶೇ 10ರ ಒಳಗಿದ್ದರೆ ದಂಡ ಇಲ್ಲ, 10ರಿಂದ 40 ಆದರೆ ತಿದ್ದಿ ಕೊಡಬೇಕು, 40 ದಾಟಿದರೆ ಒಂದು ವರ್ಷ ಕೊಡುವ ಹಾಗಿಲ್ಲ, 60 ಮೀರಿದರೆ ನೋಂದಣಿಯೇ ರದ್ದು. ಆದರೆ ಈ ನಿಯಮ ಬಂದದ್ದು ಚಾಟ್‌ಜಿಪಿಟಿಗಿಂತ ನಾಲ್ಕು ವರ್ಷ ಮೊದಲು. ಅದು ನೋಡುವುದು ಈಗಾಗಲೇ ಇರುವ ಬರಹದ ಜೊತೆ ಹೋಲಿಕೆಯನ್ನು. ನನ್ನ ಮೊದಲಿನ ಮೂವತ್ತು ಪುಟ ಆ ತಪಾಸಣೆಯಲ್ಲಿ ಆರಾಮವಾಗಿ ಪಾಸಾಗುತ್ತಿತ್ತು ಅನ್ನುವುದೇ ನನಗೆ ಹೆದರಿಕೆ ಹುಟ್ಟಿಸಿದ ವಿಷಯ. ಸುಳ್ಳು ಆಧಾರವನ್ನು ಹಿಡಿದದ್ದು ಸಾಫ್ಟ್‌ವೇರ್ ಅಲ್ಲ, ಓದಿದ ಒಬ್ಬ ಮೇಡಂ.

ಇನ್ನೊಂದು ಕಡೆ ನನ್ನ ರೂಮ್‌ಮೇಟ್‌ಗೆ ಆದದ್ದು ಇದರ ಉಲ್ಟಾ. ಅವಳು ಕಷ್ಟಪಟ್ಟು ಇಂಗ್ಲಿಷಿನಲ್ಲಿ ತಾನೇ ಬರೆದ ಅಧ್ಯಾಯವನ್ನು ಒಂದು ಪತ್ತೆ ಸಾಧನ ‘ಎಐ ಬರೆದದ್ದು’ ಅಂದಿತು. ರಾತ್ರಿಯೆಲ್ಲ ಅತ್ತಳು. ಅವಳ ಹತ್ತಿರ ಚಿತ್ತುಕಾಟಿನ ಕರಡುಗಳು ನೋಟ್‌ಬುಕ್ಕಿನಲ್ಲಿ ಇದ್ದವು, ಅದನ್ನು ತೋರಿಸಿ ಬಚಾವಾದಳು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐನವರೇ ತಮ್ಮ ಪತ್ತೆ ಸಾಧನ ಸರಿಯಾಗಿ ಹೇಳುತ್ತಿಲ್ಲ ಅಂತ 2023ರ ಜುಲೈನಲ್ಲಿ ನಿಲ್ಲಿಸಿದ್ದಾರೆ. ಅದಕ್ಕೇ ಹೇಳುತ್ತೇನೆ, ಕರಡುಗಳನ್ನು ದಯವಿಟ್ಟು ಬಿಸಾಡಬೇಡಿ. ನಾನು ಮೇಡಂ ಹೇಳಿದಂತೆ ಪ್ರಾಜೆಕ್ಟಿನ ಕೊನೆಗೆ ಒಂದು ಪುಟ ಸೇರಿಸಿದೆ, ಎಐಯನ್ನು ಯಾವುದಕ್ಕೆ ಬಳಸಿದೆ, ಯಾವುದಕ್ಕೆ ಬಳಸಲಿಲ್ಲ ಅಂತ.

ವೈವಾ ಹಿಂದಿನ ರಾತ್ರಿ ಎಐಯನ್ನೇ ಪರೀಕ್ಷಕರ ಜಾಗದಲ್ಲಿ ಕೂರಿಸಿ ಪ್ರಶ್ನೆ ಕೇಳಿಸಿಕೊಂಡೆ, ಇದಂತೂ ಎಲ್ಲರೂ ಮಾಡಬಹುದಾದದ್ದು, ನನ್ನ ಭಯ ಅರ್ಧ ಹೋಯಿತು. ಮರುದಿನ ಹೊರಗಿನಿಂದ ಬಂದ ಸರ್ ಬಿತ್ತುವಟ್ಟದ ಬಗ್ಗೆಯೇ ಕೇಳಿದರು. ಇಪ್ಪತ್ತು ನಿಮಿಷ ಮಾತಾಡಿದೆ. ಕಂಡುಗದ ವಿಷಯಕ್ಕೆ ಅಜ್ಜಿಯ ಗದ್ದೆಯ ಉದಾಹರಣೆ ಕೊಟ್ಟೆ. ಅವರು ಬರೆದುಕೊಂಡರು.

ರಜೆಗೆ ಊರಿಗೆ ಹೋದಾಗ ಬೈಂಡ್ ಮಾಡಿಸಿದ ಪ್ರತಿಯನ್ನು ತಾತನಿಗೆ ತೋರಿಸಲು ತೆಗೆದುಕೊಂಡು ಹೋದೆ. ಅವರ ಫೋಟೊ ಇರುವ ಪುಟವನ್ನು ಸವರಿ ನೋಡಿದರು. “ನಾನು ಹೇಳಿದ್ದು ಓದಮ್ಮ” ಅಂದರು. ಓದಿದೆ. ತೂಬು, ಕೋಡಿ, ಬಿರಡೆ, ಎಲ್ಲಕ್ಕೂ ತಲೆ ಆಡಿಸುತ್ತಾ ಕೇಳುತ್ತಿದ್ದವರು, ನೀರು ಕಡಿಮೆ ಇದ್ದ ವರ್ಷ ಸರದಿ ಹೇಗೆ ಅನ್ನುವ ಸಾಲು ಬಂದಾಗ ಕೈ ಎತ್ತಿ ನಿಲ್ಲಿಸಿದರು.

“ಏನಂದೆ? ಎರಡು ದಿನಕ್ಕೊಂದು ಸಲಾನಾ? ಎರಡು ದಿನಕ್ಕೊಂದು ಸಲ ಬಿಟ್ರೆ ಕೆರೆ ಉಳೀತೈತಾ ತಾಯಿ? ಎಂಟು.”

ಅಲ್ಲೇ ಮೊಬೈಲ್ ತೆಗೆದು ರೆಕಾರ್ಡಿಂಗ್ ಹಾಕಿದೆ. ಎಂಟು ದಿನ ಅಂತಲೇ ಹೇಳಿದ್ದಾರೆ, ಸ್ಪಷ್ಟವಾಗಿ. ಟ್ಯೂಬ್, ಕೋಳಿ ಇದ್ದ ಸಾಲುಗಳಲ್ಲೆಲ್ಲ ನಾನು ಆಡಿಯೊ ನಿಲ್ಲಿಸಿ ಕೇಳಿದ್ದೆ. ಈ ಸಾಲು ಓದಲು ಸರಿಯಾಗೇ ಇತ್ತು, ಅದಕ್ಕೇ ಇಲ್ಲಿ ನಿಲ್ಲಿಸಿರಲಿಲ್ಲ.

ಬ್ಯಾಗಿನಿಂದ ಪೆನ್ನು ತೆಗೆದು ಎರಡನ್ನು ಹೊಡೆದು ಎಂಟು ಅಂತ ಬರೆದೆ. ಸೋಮವಾರ ಹೋಗಿ ಮೇಡಂ ಹತ್ತಿರ ಇರುವ ಪ್ರತಿಯಲ್ಲಿ ಮತ್ತು ವಿಭಾಗದ ಲೈಬ್ರರಿ ಪ್ರತಿಯಲ್ಲಿ ಅವರ ಎದುರೇ ತಿದ್ದಿ, ಪಕ್ಕದಲ್ಲಿ ತಾರೀಖು ಹಾಕಿ ಸಹಿ ಮಾಡಿದೆ.